ಮಾತಿಲ್ಲದೊಂದು ಆಟ

ಕಂಪ್ಯೂಟರಿನ ಆಟಗಳು ಕೈಗೆ ಸಿಕ್ಕಿದ ಮಕ್ಕಳು ಮನೆಯಲ್ಲಿದ್ದೂ ಇಲ್ಲದವರಂತಾಗುವರೆಂಬುದು ಗೃಹಸ್ಥರೆಲ್ಲರ ಅಳಲು. ನಾವೂ ಬಹುಕಾಲ ಈ ಆಟಗಳನ್ನು ಹಳಿದವರೇ. ಆದರೆ ಆಟಗಳೆಲ್ಲವೂ ಒಂದೇ ಜಾತಿಯವಲ್ಲ. ಅವಸರವಿಲ್ಲದ, ಕಣ್ಣಿಗೆ ಹಬ್ಬವಾಗುವಂತಹ ಆಟವೊಂದು ನಮ್ಮ ಮನೆಮಂದಿಯನ್ನು ಒಂದೆಡೆ ಕೂಡಿಸಿದ ಬಗೆಯನ್ನು ವಾಚಕರಿಗೆ ಅರುಹಬೇಕೆಂದು ಈ ಲೇಖನವನ್ನು ಬರೆದಿರುವೆವು.

ಆಟದ ಹೆಸರು ‘ಮಷಿನೇರಿಯಂ’. ಝೆಕ್ ದೇಶದ ಯಾಕುಬ್ ದ್ವೋರ್ಸ್ಕಿ ಎಂಬವರೂ ಅವರ ‘ಅಮಾನಿತಾ ಡಿಸೈನ್’ ಎಂಬ ಚಿಕ್ಕ ತಂಡದವರೂ ಇದನ್ನು 2009ರಲ್ಲಿ ಹೊರತಂದರು. ಮೊದಲು ಕಂಪ್ಯೂಟರಿನಲ್ಲಿ ಮಾತ್ರವಿದ್ದುದು ಬಳಿಕ ಕೈಫೋನಿಗೂ ಬಂದಿತು. ಇದರ ಚಿತ್ರಗಳೆಲ್ಲ ಕೈಯಿಂದ ಬರೆದವು. ತುಕ್ಕುಹಿಡಿದ ಕೊಳವೆಗಳು, ಓರೆಯಾಗಿ ನಿಂತ ಗೋಪುರಗಳು, ಮಾಸಿದ ಗೋಡೆಗಳು! ಹಳೆಯ ಕಬ್ಬಿಣದಲ್ಲಿ ಇಷ್ಟು ಚೆಲುವು ಅಡಗಿರಬಹುದೆ ಎಂದು ನೋಡುವವರು ಬೆರಗಾಗಬೇಕು. ತೋಮಾಶ್ ದ್ವೋರ್ಜಾಕ್ ಎಂಬವರ ಮೆಲ್ಲನೆಯ ಸಂಗೀತವು ಆ ಚಿತ್ರಗಳಿಗೆ ತಕ್ಕುದಾಗಿದೆ.

ಕಥಾನಾಯಕನು ಯೋಸೆಫನೆಂಬ ಪುಟ್ಟ ಯಂತ್ರಮಾನವ. ಝೆಕ್ ಚಿತ್ರಕಾರ ಯೋಸೆಫ್ ಚಾಪೆಕನ ನೆನಪಿಗಾಗಿ ಇವನಿಗೆ ಆ ಹೆಸರು. ‘ರೋಬೋಟ್’ ಎಂಬ ಪದವನ್ನು ಸೂಚಿಸಿದವನು ಆತನೇ. ಅವನ ತಮ್ಮ ಕಾರೆಲನು 1920ರಲ್ಲಿ ಪ್ರಕಟಿಸಿದ ನಾಟಕದಿಂದ ಅದು ಲೋಕಕ್ಕೆಲ್ಲ ಹಬ್ಬಿತು. ಬಿಟ್ಟಿಚಾಕರಿ ಎಂಬುದೇ ಅದರ ಮೂಲಾರ್ಥ. ಆಟದ ಯೋಸೆಫನನ್ನು ಊರಾಚೆಯ ಗುಜರಿಯ ರಾಶಿಯಲ್ಲಿ ಬಿಸುಟಿರುವರು. ಅವನ ಕೈಕಾಲುಗಳನ್ನು ಹುಡುಕಿ ಜೋಡಿಸಿ, ಅವನನ್ನು ಊರೊಳಕ್ಕೆ ಸೇರಿಸಿ, ದುಷ್ಟರ ಸೆರೆಯಲ್ಲಿರುವ ಅವನ ಗೆಳತಿ ಬರ್ತಾಳನ್ನು ಬಿಡಿಸಬೇಕು. ಅಲ್ಲಿ ಯಾರೂ ಮಾತನಾಡುವುದಿಲ್ಲ. ಮನಸ್ಸಿನಲ್ಲಿರುವುದು ತಲೆಯ ಮೇಲಿನ ಗುಳ್ಳೆಯಲ್ಲಿ ಚಿತ್ರವಾಗಿ ಮೂಡುವುದು. ಆದುದರಿಂದ ಯಾವ ಭಾಷೆಯವರಿಗೂ ಕಥೆಯು ತಿಳಿಯುವುದು.

ಮಳೆಗಾಲದ ಒಂದು ಸಂಜೆ ನಮ್ಮ ಮಗನು ಇದನ್ನು ಆಡುತ್ತ ಕೋಟೆಯ ಬಾಗಿಲಲ್ಲಿ ಸಿಕ್ಕಿಬಿದ್ದನು. ಕಾವಲುಗಾರನು ತನ್ನವರನ್ನಲ್ಲದೆ ಬೇರಾರನ್ನೂ ಒಳಗೆ ಬಿಡನು. ಅರ್ಧ ಗಂಟೆ ಕಳೆದರೂ ದಾರಿ ತೋರಲಿಲ್ಲ. ಬತ್ತಿ ಹೊಸೆಯುತ್ತ ಕುಳಿತಿದ್ದ ನಮ್ಮ ತಾಯಿಯವರು ಹತ್ತಿರ ಬಂದು ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿದರು.

“ಮಗು, ದಾರಿಯಲ್ಲಿಟ್ಟಿರುವ ಆ ಮೊನಚು ಡಬ್ಬಿಯೂ ಕಾವಲುಗಾರನ ಟೊಪ್ಪಿಗೆಯೂ ಒಂದೇ ಆಕಾರವಲ್ಲವೇನೋ? ಬಣ್ಣವೊಂದೇ ಬೇರೆ.”

“ಹೌದಜ್ಜಿ!” ಎಂದು ಹುಡುಗನು ಕುಣಿದನು. ಅದಕ್ಕೆ ನೀಲಿ ಬಣ್ಣವನ್ನು ಬಳಿದು, ತುದಿಗೊಂದು ದೀಪವನ್ನು ಸಿಕ್ಕಿಸಿ ತಲೆಗೇರಿಸಿದೊಡನೆ ಸೇತುವೆಯು ಇಳಿಯಿತು. ಅಜ್ಜಿಗೆ ಫೋನು ತಿಳಿಯದೆಂದು ನಗುತ್ತಿದ್ದವನು ಅಂದಿನಿಂದ ಪ್ರತಿ ಸಂಜೆಯೂ ಅವರಿಗೆ ಪಕ್ಕದಲ್ಲಿ ಕುರ್ಚಿಯನ್ನು ಹಾಕಿ ಕಾಯತೊಡಗಿದನು. ಊಟವಾದೊಡನೆ ತಂತಮ್ಮ ಕೋಣೆಗೆ ಸರಿಯುತ್ತಿದ್ದ ನಾವೆಲ್ಲರೂ ನಡುಮನೆಯಲ್ಲಿ ಉಳಿದೆವು.

ಈ ಆಟದ ಗುಣವೇ ಅಂಥದು. ಯೋಸೆಫನ ಕೈಗೆಟುಕುವ ವಸ್ತುವನ್ನು ಮಾತ್ರ ಮುಟ್ಟಬಹುದು. ದೂರದ್ದಾದರೆ ನಡೆದುಹೋಗಬೇಕು, ಎತ್ತರದ್ದಾದರೆ ಮೈಯನ್ನು ನೀಳಮಾಡಬೇಕು, ತಗ್ಗಿನದಾದರೆ ಕುಗ್ಗಬೇಕು. ಇಲ್ಲಿ ಕೈಚಳಕಕ್ಕಿಂತಲೂ ನಿಧಾನವಾಗಿ ನೋಡುವ ಕಣ್ಣೇ ದೊಡ್ಡದು. ಅದು ಹಿರಿಯರಲ್ಲಿ ಧಾರಾಳವಾಗಿ ಉಂಟು.

ಉತ್ತರಗಳ ಪುಸ್ತಕವೊಂದು ಆಟದೊಳಗೇ ಇದೆ. ಆದರೆ ಅದಕ್ಕೆ ಬೀಗವುಂಟು. ಜೇಡಗಳನ್ನು ದಾಟಿಸಿ ಕೀಲಿಯನ್ನು ಬೀಗದವರೆಗೆ ಒಯ್ದರೆ ಮಾತ್ರ ತೆರೆಯುವುದು. ಆ ಪುಸ್ತಕಕ್ಕೆ ಆತುರಪಡಬಾರದೆಂದು ನಮ್ಮ ಸಲಹೆ. ಒಂದು ಗಂಟನ್ನು ನಾವೇ ಇಲ್ಲಿ ಬಿಚ್ಚಿಬಿಟ್ಟೆವು, ವಾಚಕರು ಕ್ಷಮಿಸಬೇಕು. ಉಳಿದವುಗಳನ್ನು ಅವರು ತಮ್ಮ ಮಕ್ಕಳನ್ನೂ ಹಿರಿಯರನ್ನೂ ಜೊತೆಗೆ ಕೂರಿಸಿಕೊಂಡು ಬಿಡಿಸಲಿ.