ಒಂದು ಡೇಟಾ ಪ್ಯಾಕ್, ಎರಡು ಪರದೆ: ತಪ್ಪು ಕಲ್ಪನೆ ಮತ್ತು ಸತ್ಯ

ತಿಪಟೂರಿನಲ್ಲಿರುವ ನಮ್ಮಕ್ಕ ಒಂದು ಬೆಳಿಗ್ಗೆ ಗಾಬರಿಯಿಂದ ಫೋನ್ ಮಾಡಿದಳು. ‘ಇನ್ನೂ ಎಂಟೂವರೆ ಕಣೋ, ಆಗಲೇ ಇವತ್ತಿನ ಎರಡು ಜಿಬಿ ಖಾಲಿ ಅಂತ ಮೆಸೇಜ್ ಬಂದಿದೆ. ಮಗಳ ಕ್ಲಾಸ್ ಶುರುವಾಗೋದೇ ಒಂಬತ್ತಕ್ಕೆ!’

ಮಗಳು ದ್ವಿತೀಯ ಪಿಯುಸಿ. ಟ್ಯಾಬ್‌ನಲ್ಲಿ ಸಿಇಟಿ ಪಾಠ ಕೇಳುತ್ತಾಳೆ. ಅದಕ್ಕೆ ಇಂಟರ್ನೆಟ್ ಅಮ್ಮನ ಫೋನಿನ ಹಾಟ್‌ಸ್ಪಾಟ್‌ನಿಂದ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆಯ ಪಟ್ಟಿ ತೆರೆಯಲು ಹೇಳಿದೆ. ವಾಟ್ಸಾಪ್, ಯೂಟ್ಯೂಬ್ ಎರಡೂ ಕೆಳಗಿದ್ದವು. ಎಲ್ಲಕ್ಕಿಂತ ಮೇಲಿದ್ದದ್ದು ಹಾಟ್‌ಸ್ಪಾಟ್: 1.7 ಜಿಬಿ. ರಾತ್ರಿ ಅದನ್ನು ಆಫ್ ಮಾಡಲು ಮರೆತಿದ್ದರು. ಮಧ್ಯರಾತ್ರಿ ಹೊಸ ದಿನದ ಡೇಟಾ ಬಂದೊಡನೆ ಟ್ಯಾಬ್ ತನ್ನ ಆ್ಯಪ್‌ಗಳನ್ನೆಲ್ಲ ಅಪ್‌ಡೇಟ್ ಮಾಡಿಕೊಂಡಿತ್ತು. ಇಂಥ ನಷ್ಟಕ್ಕೆ ಕಾರಣವಾಗುವ ಕೆಲವು ನಂಬಿಕೆಗಳನ್ನು ಇಲ್ಲಿ ನೋಡೋಣ.

ತಪ್ಪು ಕಲ್ಪನೆ: ಟ್ಯಾಬ್ ವೈಫೈನಲ್ಲಿದೆ, ಡೇಟಾ ಖರ್ಚಾಗುವುದಿಲ್ಲ.
ಸತ್ಯ: ಫೋನಿನಿಂದ ಟ್ಯಾಬ್‌ವರೆಗಿನ ನಾಲ್ಕು ಅಡಿ ಮಾತ್ರ ವೈಫೈ. ಅಲ್ಲಿಂದಾಚೆಗೆ ಪ್ರತಿಯೊಂದು ಎಂಬಿಯೂ ಫೋನಿನ ಸಿಮ್‌ನ ಲೆಕ್ಕಕ್ಕೇ. ಇದು ಮನೆಯ ಬ್ರಾಡ್‌ಬ್ಯಾಂಡ್ ಅಲ್ಲವೆಂದು ಕೆಲವು ಟ್ಯಾಬ್‌ಗಳು ತಾವೇ ಗುರುತಿಸುತ್ತವೆ. ಉಳಿದವು ವೈಫೈ ಸಿಕ್ಕಿತೆಂದು ಅಪ್‌ಡೇಟ್, ಫೋಟೊ ಬ್ಯಾಕಪ್ ಎಲ್ಲ ಶುರುಮಾಡುತ್ತವೆ. ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಆ ವೈಫೈ ಹೆಸರಿನ ಮೇಲೆ ಒತ್ತಿ ‘ಮೀಟರ್ಡ್’ ಎಂದು ಆರಿಸಿ. ಐಪ್ಯಾಡ್‌ನಲ್ಲಿ ‘ಲೋ ಡೇಟಾ ಮೋಡ್’ ಆನ್ ಮಾಡಿ. ಈ ಒಂದು ಗುರುತು ಹಾಕಿದರೆ ಅರ್ಧ ಸಮಸ್ಯೆ ಮುಗಿಯಿತು.

ತಪ್ಪು ಕಲ್ಪನೆ: ಹಾಟ್‌ಸ್ಪಾಟ್‌ಗೆ ಬೇರೆ ಚಾರ್ಜ್ ಬೀಳುತ್ತದೆ.
ಸತ್ಯ: ಅಮೆರಿಕದ ಹಲವು ಪ್ಲಾನ್‌ಗಳಲ್ಲಿ ಹಾಟ್‌ಸ್ಪಾಟ್‌ಗೆ ಪ್ರತ್ಯೇಕ ಮಿತಿ ಇರುತ್ತದೆ, ಅಲ್ಲಿರುವ ಬಂಧುಗಳ ಮಾತು ಕೇಳಿ ಇಲ್ಲೂ ಹಾಗೆಯೇ ಎಂದುಕೊಳ್ಳುವವರಿದ್ದಾರೆ. ನಮ್ಮ ಸಾಮಾನ್ಯ ಪ್ರೀಪೇಯ್ಡ್ ಪ್ಯಾಕ್‌ಗಳಲ್ಲಿ ಅದೂ ದಿನದ ಡೇಟಾದಿಂದಲೇ ಕಳೆಯುತ್ತದೆ, ಅಷ್ಟೆ.

ತಪ್ಪು ಕಲ್ಪನೆ: ಎರಡು ಸಾಧನವಾದರೆ ಡೇಟಾ ದುಪ್ಪಟ್ಟು ಬೇಕು.
ಸತ್ಯ: ಖರ್ಚು ಹೆಚ್ಚಿಸುವುದು ವಿಡಿಯೊದ ಗುಣಮಟ್ಟ. ನೆಟ್‌ಫ್ಲಿಕ್ಸ್ ಕೊಡುವ ಲೆಕ್ಕದಂತೆ ಸಾಧಾರಣ ಗುಣಮಟ್ಟಕ್ಕೆ ಗಂಟೆಗೆ 1 ಜಿಬಿವರೆಗೆ, ಎಚ್‌ಡಿಗೆ 3 ಜಿಬಿವರೆಗೆ ಬೇಕು. ಟ್ಯಾಬ್‌ನ ಪರದೆ ದೊಡ್ಡದು, ಹಾಗಾಗಿ ಅಲ್ಲಿ ಹೆಚ್ಚಿನ ಗುಣಮಟ್ಟದ ವಿಡಿಯೊ ನೋಡುವುದೇ ರೂಢಿ. ಬೋರ್ಡಿನ ಮೇಲಿನ ಅಕ್ಷರ ಓದಲು ಸಾಮಾನ್ಯವಾಗಿ 480ಪಿ ಸಾಕು.

ತಪ್ಪು ಕಲ್ಪನೆ: ಡೇಟಾ ಮುಗಿದರೂ ನಿಧಾನವಾಗಿ ಕೆಲಸ ನಡೆಯುತ್ತದೆ.
ಸತ್ಯ: ಹೆಚ್ಚಿನ ಪ್ಯಾಕ್‌ಗಳಲ್ಲಿ ಆಮೇಲಿನ ವೇಗ 64 ಕೆಬಿಪಿಎಸ್. ಎಂದರೆ ಸೆಕೆಂಡಿಗೆ 8 ಕಿಲೋಬೈಟ್. 3 ಎಂಬಿಯ ಒಂದು ಫೋಟೊ ಇಳಿಯಲು 6 ನಿಮಿಷಕ್ಕೂ ಹೆಚ್ಚು ಬೇಕು. ಈ ವೇಗದಲ್ಲಿ ವಿಡಿಯೊ ಪಾಠದ ಮಾತೇ ಇಲ್ಲ.

ತಪ್ಪು ಕಲ್ಪನೆ: ಫೋನಿನ ನಂಬರನ್ನೇ ಇಸಿಮ್ ಮಾಡಿಸಿ ಟ್ಯಾಬ್‌ಗೂ ಹಾಕಬಹುದು.
ಸತ್ಯ: ಒಂದು ಇಸಿಮ್ ಒಂದು ಸಮಯಕ್ಕೆ ಒಂದೇ ಸಾಧನದಲ್ಲಿ ಇರುತ್ತದೆ. ಟ್ಯಾಬ್‌ಗೆ ಹೋದರೆ ಫೋನಿನಲ್ಲಿ ನಿಲ್ಲುತ್ತದೆ. ಟ್ಯಾಬ್‌ಗೆ ಸಿಮ್ ಬೇಕೇ ಬೇಕೆಂದರೆ ಪೋಸ್ಟ್‌ಪೇಯ್ಡ್ ಫ್ಯಾಮಿಲಿ ಪ್ಲಾನ್ ಇದೆ; ಹೆಚ್ಚುವರಿ ಸಿಮ್‌ಗೆ ಬೇರೆ ನಂಬರ್, ಬಿಲ್ ಒಂದೇ. ಬರೀ ವಾಟ್ಸಾಪ್‌ಗಾದರೆ ಎರಡನೇ ಸಿಮ್ ಬೇಡ. ‘ಲಿಂಕ್ಡ್ ಡಿವೈಸಸ್’ ಮೂಲಕ ಒಂದೇ ಖಾತೆಯನ್ನು ಫೋನಿನ ಜೊತೆಗೆ ಇನ್ನೂ ನಾಲ್ಕು ಸಾಧನಗಳಲ್ಲಿ ಬಳಸಬಹುದು.

ತಪ್ಪು ಕಲ್ಪನೆ: ಪಾಸ್‌ವರ್ಡ್ ಪಕ್ಕದ ಮನೆಯವರಿಗೆ ಗೊತ್ತಿದ್ದರೇನಂತೆ?
ಸತ್ಯ: ನಿಮ್ಮ ಹಾಟ್‌ಸ್ಪಾಟ್‌ನಲ್ಲಿ ಯಾರು ಏನು ಮಾಡಿದರೂ ಹೊರಗಿನವರಿಗೆ ಅದು ನಿಮ್ಮ ಸಿಮ್‌ನಿಂದಲೇ ನಡೆದಂತೆ ಕಾಣುತ್ತದೆ. ಕೊಟ್ಟಿದ್ದರೆ ಇವತ್ತೇ ಬದಲಿಸಿ.

ಆ ದಿನ ಅಕ್ಕ ಟ್ಯಾಬ್‌ಗೆಂದು ಹೊಸ ಸಿಮ್ ತರಲು ಹೊರಟಿದ್ದಳು. ನಾನು ಬೇಡವೆಂದೆ. ಸದ್ಯಕ್ಕೆ ಒಂದು ಡೇಟಾ ಟಾಪ್‌ಅಪ್ ಹಾಕಿಸಿ, ‘ಮೀಟರ್ಡ್’ ಗುರುತು ಮಾಡಿಸಿ, ಪಾಠವನ್ನು 480ಪಿಗೆ ಇಳಿಸಿಸಿದೆ. ಮಲಗುವ ಮುನ್ನ ಗ್ಯಾಸ್ ಆಫ್ ಆಗಿದೆಯೇ ಎಂದು ನೋಡುವ ಹಾಗೆ ಈಗ ಆಕೆ ಹಾಟ್‌ಸ್ಪಾಟ್ ಅನ್ನೂ ನೋಡುತ್ತಾಳೆ. ಅದೇ ಎರಡು ಜಿಬಿಯಲ್ಲಿ ಮಗಳ ಪಾಠ ಮುಗಿದು, ರಾತ್ರಿ ನನಗೆ ವಿಡಿಯೊ ಕಾಲ್ ಮಾಡುವಷ್ಟು ಉಳಿಯುತ್ತಿದೆ.