ಡಯಾಲಿಸಿಸ್ ರೋಗಿಗೆ ಹೆಪಟೈಟಿಸ್ ಸಿ: ಮುಚ್ಚಿಡಬೇಡಿ, ಚಿಕಿತ್ಸೆಯಿದೆ

(ಜುಮಾ ಖುತ್ಬಾದ ಸಾರಾಂಶ)



ಈಚೆಗೆ ನಾವು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ಸಹೋದರರೊಬ್ಬರನ್ನು ನೋಡಲು ಹೋಗಿದ್ದೆವು. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಕಂಡುಬಂದ ಮೇಲೆ ಮನೆಯಲ್ಲಿ ಅವರ ತಟ್ಟೆ, ಲೋಟ ಬೇರೆಯಾಗಿದ್ದವು. ಮೊಮ್ಮಗುವನ್ನೂ ಹತ್ತಿರ ಬಿಡುತ್ತಿರಲಿಲ್ಲ. ಮನೆಯವರು ಕೆಟ್ಟವರಲ್ಲ, ವಿಷಯ ತಿಳಿದಿರಲಿಲ್ಲ ಅಷ್ಟೇ. ಅಂದು ನಾವು ಅವರೊಂದಿಗೆ ಒಂದೇ ತಟ್ಟೆಯಲ್ಲಿ ಊಟ ಮಾಡಿದೆವು.

ಯಕೃತ್ತನ್ನು ಕೆಡಿಸುವ ಈ ವೈರಸ್ ಹರಡುವುದು ರಕ್ತದಿಂದ. ಜೊತೆಗೆ ಉಣ್ಣುವುದರಿಂದ, ಮುಸಾಫಹಾದಿಂದ, ನಮಾಝಿನ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವುದರಿಂದ ಹರಡುವುದಿಲ್ಲ. ಆದರೆ ಬ್ಲೇಡ್, ನೇಲ್ ಕಟರ್, ಟೂತ್‌ಬ್ರಷ್ ಹಂಚಿಕೊಳ್ಳಬಾರದು. ಹಿಜಾಮಾ ಮಾಡುವವರು ಒಬ್ಬರಿಗೆ ಬಳಸಿದ ಬ್ಲೇಡನ್ನು ಇನ್ನೊಬ್ಬರಿಗೆ ಮುಟ್ಟಿಸಲೇಬಾರದು.

ಡಯಾಲಿಸಿಸ್‌ನಲ್ಲಿ ರಕ್ತ ದೇಹದಿಂದ ಹೊರಬಂದು, ಶುದ್ಧಿಯಾಗಿ ಮರಳುತ್ತದೆ. ಸಿಬ್ಬಂದಿ ಕೈಗವಸು ಬದಲಿಸದಿದ್ದರೆ, ಒಂದೇ ಔಷಧದ ಬಾಟಲಿಯನ್ನು ಎಚ್ಚರವಿಲ್ಲದೆ ಹಲವರಿಗೆ ಬಳಸಿದರೆ ಸೋಂಕು ದಾಟಬಹುದು. ಆದ್ದರಿಂದ ರೋಗಿಯ ನಡತೆಯ ಬಗ್ಗೆ ಕೆಟ್ಟ ಗುಮಾನಿ ಪಡುವುದು ಪಾಪ.

ಈ ರೋಗ ವರ್ಷಗಟ್ಟಲೆ ಲಕ್ಷಣ ತೋರಿಸದೆ ಇರಬಲ್ಲದು. ಹಾಗಾಗಿ ಡಯಾಲಿಸಿಸ್ ಆರಂಭಿಸುವಾಗ, ನಂತರ 6 ತಿಂಗಳಿಗೊಮ್ಮೆ ಪರೀಕ್ಷೆ ಬೇಕು. ಆಂಟಿಬಾಡಿ ಪಾಸಿಟಿವ್ ಬಂದರೆ, ವೈರಸ್ ಈಗಲೂ ರಕ್ತದಲ್ಲಿದೆಯೇ ಎಂದು ಆರ್‌ಎನ್‌ಎ ಪರೀಕ್ಷೆ ಹೇಳುತ್ತದೆ.

ಹಿಂದೆ ತಿಂಗಳುಗಟ್ಟಲೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದರು. ಡಯಾಲಿಸಿಸ್ ರೋಗಿಗಳಲ್ಲಿ ಅನೇಕರಿಗೆ ಅದನ್ನು ತಾಳಿಕೊಳ್ಳಲಾಗುತ್ತಿರಲಿಲ್ಲ. ಈಗ ಸೋಫೋಸ್‌ಬುವಿರ್ ಮತ್ತು ವೆಲ್ಪಟಾಸ್ವಿರ್ ಸೇರಿದ ಮಾತ್ರೆ ಇದೆ: ಸಾಮಾನ್ಯವಾಗಿ ದಿನಕ್ಕೊಂದರಂತೆ 12 ವಾರ. ಕಿಡ್ನಿ ಕೆಟ್ಟವರಿಗೆ ಇದನ್ನು ಕೊಡಲು ಮೊದಲು ವೈದ್ಯರು ಹಿಂಜರಿಯುತ್ತಿದ್ದರು. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಡಯಾಲಿಸಿಸ್ ರೋಗಿಗಳಿಗೂ ಒಪ್ಪಿಗೆ ನೀಡಿತು. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಮಾತ್ರೆ ಮುಗಿದ 12 ವಾರಗಳ ನಂತರ ಮತ್ತೆ ಪರೀಕ್ಷೆ ಮಾಡಿಸಬೇಕು.

ಇದು ಯಕೃತ್ತಿಗೆ ಚಿಕಿತ್ಸೆ, ಡಯಾಲಿಸಿಸ್ ಮುಂದುವರಿಯಲೇಬೇಕು. ಹೃದಯದ, ಅಸಿಡಿಟಿಯ ಮಾತ್ರೆ ತಿನ್ನುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮಧ್ಯದಲ್ಲಿ ಔಷಧ ನಿಲ್ಲಿಸಿ ನಾಟಿಮದ್ದಿಗೆ ಹೋಗಬೇಡಿ. ಗುಣವಾದವರಿಗೂ ಸೋಂಕು ಮತ್ತೆ ತಗಲಬಹುದು.

2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧವೂ ಉಚಿತ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಹೋಗಿಬರುವ ಖರ್ಚಿಗೆ ಕಷ್ಟವಿರುವ ರೋಗಿ ನಿಮ್ಮ ಮೊಹಲ್ಲಾದಲ್ಲಿದ್ದರೆ, ಝಕಾತ್ ಲೆಕ್ಕ ಮಾಡುವಾಗ ಅವರನ್ನು ನೆನೆಯಿರಿ.

ಅಲ್ಲಾಹನು ಔಷಧವಿಲ್ಲದ ರೋಗವನ್ನು ಇಳಿಸಿಲ್ಲವೆಂದು ಪ್ರವಾದಿವರ್ಯರು(ಸ) ನಮಗೆ ಕಲಿಸಿದ್ದಾರೆ. ಔಷಧ ಕೈಗೆಟುಕುವಾಗ ನಾಚಿಕೆಯಿಂದ ರೋಗ ಮುಚ್ಚಿಡುವುದು ತವಕ್ಕುಲ್ ಅಲ್ಲ. ಅಲ್ಲಾಹನು ರೋಗಿಗಳೆಲ್ಲರಿಗೂ ಶಿಫಾ ಕರುಣಿಸಲಿ. ಆಮೀನ್.