ಆರು ಅಂಕಿಗಳಿಂದ ಒಬ್ಬ ವ್ಯಕ್ತಿ: ಪಾತ್ರವಹಿಸುವ ಆಟದಲ್ಲಿ ಪಾತ್ರಸೃಷ್ಟಿ

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತಿದ್ದಾರೆ. ಅವರ ಮುಂದೆ ಚದುರಂಗದ ಮಣೆಯಿಲ್ಲ, ಇಸ್ಪೀಟು ಎಲೆಗಳೂ ಇಲ್ಲ. ಇರುವುದು ಕೆಲವು ದಾಳಗಳು, ಪೆನ್ಸಿಲುಗಳು ಮತ್ತು ತಲಾ ಒಂದೊಂದು ಹಾಳೆ. ಒಬ್ಬರು ಹೇಳುತ್ತಾರೆ: "ನಿಮ್ಮ ಮುಂದೆ ತುಕ್ಕು ಹಿಡಿದ ಕಬ್ಬಿಣದ ಬಾಗಿಲು. ಒಳಗಿನಿಂದ ಯಾರೋ ಅಳುವ ಸದ್ದು ಕೇಳಿಸುತ್ತಿದೆ. ಏನು ಮಾಡುತ್ತೀರಿ?" ಇನ್ನೊಬ್ಬರು ತಮ್ಮ ಹಾಳೆಯನ್ನೊಮ್ಮೆ ನೋಡಿಕೊಂಡು, "ಬಾಗಿಲನ್ನು ಒಡೆಯುತ್ತೇನೆ" ಎನ್ನುತ್ತಾರೆ. ಬಾಗಿಲು ಒಡೆದೀತೇ? ಹಾಳೆಯ ಮೇಲಿನ ಒಂದು ಅಂಕಿ, ಉರುಳುವ ಒಂದು ದಾಳ, ಇವೆರಡೂ ಸೇರಿ ಉತ್ತರ ಹೇಳುತ್ತವೆ.

ಇಂಥ ಆಟಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಎಂದು ಹೆಸರು. ನಾವು ಇದನ್ನು ಪಾತ್ರವಹಿಸುವ ಆಟ ಎನ್ನೋಣ. ಕಂಪ್ಯೂಟರಿನಲ್ಲಿ ಆಡುವ ಇದೇ ಹೆಸರಿನ ಆಟಗಳು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಅವೆಲ್ಲಕ್ಕೂ ಹಿರಿಯದು ಮೇಜಿನ ಮೇಲಿನ ಈ ಆಟ. ಇದರಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಅಮೆರಿಕದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಆಟಗಾರರು ತಮ್ಮ ಪಾತ್ರವನ್ನು ಹೇಗೆ ರೂಪಿಸುತ್ತಾರೆ ಎಂಬುದನ್ನು ನೋಡೋಣ. ಪರದೆಯ ಮೇಲೆ ದಾಳ ಉರುಳಿಸಿ ತೋರಿಸುವಷ್ಟು ಸುಲಭವಾಗಿ ಅಚ್ಚಿನಲ್ಲಿ ತೋರಿಸಲಾಗದು. ಆದ್ದರಿಂದ ಓದುವಾಗ ಒಂದು ಹಾಳೆ ಮತ್ತು ಮೂರು ಸಾಮಾನ್ಯ ದಾಳಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಒಳ್ಳೆಯದು.

ಈ ಆಟ ಹುಟ್ಟಿದ್ದು ಯುದ್ಧದ ಆಟಗಳಿಂದ. ಸೀಸದ ಪುಟ್ಟ ಸೈನಿಕರನ್ನು ಮೇಜಿನ ಮೇಲೆ ಜೋಡಿಸಿ, ನಿಯಮಗಳ ಪ್ರಕಾರ ಕಾಳಗ ನಡೆಸುವ ಹವ್ಯಾಸ ಅಮೆರಿಕದಲ್ಲಿ ಬೆಳೆದಿತ್ತು. ಅಲ್ಲಿ ಒಬ್ಬ ಆಟಗಾರನ ಕೈಯಲ್ಲಿ ಇಡೀ ಪಡೆ ಇರುತ್ತಿತ್ತು. 1969ರಲ್ಲಿ ಮಿನ್ನೆಸೋಟದ ಡೇವಿಡ್ ವೆಸ್ಲಿ ಎಂಬವರು ಇದನ್ನು ಬದಲಿಸಿದರು. ಕಾಲ್ಪನಿಕ ಪಟ್ಟಣವೊಂದನ್ನು ಸೃಷ್ಟಿಸಿ, ಪ್ರತಿಯೊಬ್ಬ ಆಟಗಾರನಿಗೂ ಅಲ್ಲಿನ ಒಬ್ಬೊಬ್ಬ ವ್ಯಕ್ತಿಯ ಪಾತ್ರ ಕೊಟ್ಟರು. ಅವರ ಗೆಳೆಯ ಡೇವ್ ಆರ್ನೆಸನ್ ಆ ಕಲ್ಪನೆಯನ್ನು ಮಾಯಾಲೋಕಕ್ಕೂ ನೆಲಮಾಳಿಗೆಗಳಿಗೂ ಒಯ್ದರು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನ ಗ್ಯಾರಿ ಗೈಗ್ಯಾಕ್ಸ್ ಅವರೊಡನೆ ಸೇರಿ ನಿಯಮಗಳನ್ನು ಬರಹಕ್ಕಿಳಿಸಿದರು. 1974ರಲ್ಲಿ ಮೂರು ಪುಟ್ಟ ಪುಸ್ತಿಕೆಗಳ ಒಂದು ಪೆಟ್ಟಿಗೆಯಾಗಿ ಆಟ ಹೊರಬಂತು. ಮೊದಲು ಅಚ್ಚಾದದ್ದು ಸಾವಿರ ಪ್ರತಿ ಮಾತ್ರ.

ಪಡೆಯ ಬದಲು ಒಬ್ಬನೇ ವ್ಯಕ್ತಿ ಕೈಗೆ ಬಂದದ್ದೇ ತಡ, ಆ ವ್ಯಕ್ತಿ ಯಾರು, ಎಂಥವನು ಎಂಬ ಪ್ರಶ್ನೆ ಎದ್ದಿತು. ಪಾತ್ರಸೃಷ್ಟಿಯ ನಿಯಮಗಳೆಲ್ಲ ಈ ಪ್ರಶ್ನೆಗೆ ಕೊಟ್ಟ ಉತ್ತರಗಳೇ. ಮೊದಲ ಉತ್ತರ ಆರು ಅಂಕಿಗಳ ರೂಪದಲ್ಲಿ ಬಂತು. ಬಲ, ಬುದ್ಧಿ, ವಿವೇಕ, ದೇಹದ ತಾಳಿಕೆ, ಕೈಕಾಲಿನ ಚುರುಕು, ಇತರರನ್ನು ಸೆಳೆಯುವ ಶಕ್ತಿ: ಈ ಆರೂ ಗುಣಗಳಿಗೆ ತಲಾ ಮೂರು ದಾಳಗಳನ್ನು ಹಾಕಿ ಮೊತ್ತವನ್ನು ಬರೆದುಕೊಳ್ಳಬೇಕು. ಮೊತ್ತ 3ರಿಂದ 18ರವರೆಗೆ ಎಷ್ಟಾದರೂ ಆಗಬಹುದು. 1974ರ ನಿಯಮದಲ್ಲಂತೂ ಈ ದಾಳಗಳನ್ನು ಹಾಕುತ್ತಿದ್ದುದು ಆಟಗಾರನಲ್ಲ, ಆಟ ನಡೆಸುವವನು. ಬಿದ್ದದ್ದು ಬಿದ್ದ ಹಾಗೆ! ಮೊದಲು ಬಲ, ಆಮೇಲೆ ಬುದ್ಧಿ, ಹೀಗೆ ಕ್ರಮವಾಗಿ. ತನಗೆ ಬಂದ ಅಂಕಿಗಳನ್ನು ನೋಡಿಕೊಂಡು ಆಟಗಾರ ಯೋಧನಾಗಬೇಕೋ, ಮಾಂತ್ರಿಕನಾಗಬೇಕೋ, ಪುರೋಹಿತನಾಗಬೇಕೋ ಎಂದು ನಿರ್ಧರಿಸಬೇಕಿತ್ತು. ಆಗ ಇದ್ದ ವೃತ್ತಿಗಳು ಈ ಮೂರೇ. ಕಳ್ಳನ ವೃತ್ತಿ 1975ರಲ್ಲಿ ಸೇರಿತು.

ಗಣಿತದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೂರು ದಾಳಗಳು ಬೀಳಬಹುದಾದ ವಿಧಗಳು ಒಟ್ಟು 216. ಅವುಗಳಲ್ಲಿ 18 ಬರುವುದು ಒಂದೇ ಒಂದು ವಿಧದಲ್ಲಿ. 10 ಬರುವುದು 27 ವಿಧಗಳಲ್ಲಿ, 11 ಸಹ ಅಷ್ಟೇ. 9ರಿಂದ 12ರ ಒಳಗೆ ಬೀಳುವ ವಿಧಗಳು 104, ಅಂದರೆ ಹೆಚ್ಚು ಕಡಿಮೆ ಅರ್ಧ. ಹೀಗಾಗಿ ದಾಳ ಸೃಷ್ಟಿಸುವುದು ಬಹುಪಾಲು ನಮ್ಮ ನಿಮ್ಮಂಥ ಸಾಧಾರಣ ಜನರನ್ನೇ. ಆರೂ ಗುಣಗಳಲ್ಲಿ 18 ಪಡೆದ ಸರ್ವಗುಣಸಂಪನ್ನ ಬೇಕೆಂದರೆ ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು ಪಾತ್ರಗಳನ್ನು ಸೃಷ್ಟಿಸುತ್ತಾ ಹೋಗಬೇಕು. ಆಗ ಒಬ್ಬ ಸಿಕ್ಕರೆ ಸಿಕ್ಕಾನು.

ಆದರೆ ವೀರನಾಗಿ ಮೆರೆಯಲು ಬಂದವನಿಗೆ ಬಲ 7 ಎಂದು ಬಂದರೆ ಮುಖ ಬಾಡುವುದು ಸಹಜ. ಈ ಅಸಮಾಧಾನಕ್ಕೆ ಸಿಕ್ಕಿದ ಪರಿಹಾರಗಳೇ ಒಂದು ಇತಿಹಾಸ. 1979ರ ಮಾರ್ಗದರ್ಶಿ ಪುಸ್ತಕ ನಾಲ್ಕು ದಾಳ ಹಾಕಿ ಅತಿ ಚಿಕ್ಕದನ್ನು ಬಿಟ್ಟುಬಿಡುವ ಕ್ರಮ ಸೂಚಿಸಿತು. ಇದರಿಂದ ಸರಾಸರಿ ಹತ್ತೂವರೆಯಿಂದ ಹನ್ನೆರಡಕ್ಕೂ ತುಸು ಮೇಲೇರುತ್ತದೆ. 2014ರ ಪುಸ್ತಕದಲ್ಲಿ ದಾಳವೇ ಬೇಡ ಎನ್ನುವವರಿಗೆ ಇನ್ನೊಂದು ದಾರಿಯಿದೆ. ಎಲ್ಲರಿಗೂ ಸಮನಾಗಿ 27 ಅಂಶಗಳ ಒಂದು ಬಂಡವಾಳ. ಪ್ರತಿಯೊಂದು ಗುಣವೂ 8ರಿಂದ ಆರಂಭ; ಏರಿಸಲು ಅಂಶಗಳನ್ನು ತೆರಬೇಕು. 15ರವರೆಗೆ ಏರಿಸಲು 9 ಅಂಶ ಬೇಕು. ಮೂರು ಗುಣಗಳನ್ನು 15ಕ್ಕೆ ಏರಿಸಿದರೆ ಬಂಡವಾಳ ಖಾಲಿ, ಉಳಿದ ಮೂರು 8ರಲ್ಲೇ ಕೂರುತ್ತವೆ. ಇದು ನ್ಯಾಯವಾದ ಕ್ರಮ ಎಂಬುದರಲ್ಲಿ ಸಂಶಯವಿಲ್ಲ. ಆದರೂ, ಮೊದಲ ಸಲ ಆಡುವವರು ದಾಳವನ್ನೇ ಹಾಕಬೇಕು ಎಂಬುದು ಈ ಲೇಖಕನ ಅಭಿಪ್ರಾಯ. ಬಂಡವಾಳ ಹೂಡುವಾಗ ನಾವು ಮೊದಲೇ ಬಯಸಿದ ವ್ಯಕ್ತಿಯನ್ನೇ ಕಟ್ಟುತ್ತೇವೆ. ದಾಳವಾದರೋ ನಾವು ಎಣಿಸದ ಯಾರನ್ನೋ ಕರೆತಂದು ಎದುರಿಗೆ ನಿಲ್ಲಿಸುತ್ತದೆ.

ಒಂದು ಪಾತ್ರವನ್ನು ಕಟ್ಟಿಯೇ ನೋಡೋಣ. ಹಳೆಯ ಕ್ರಮದಲ್ಲಿ ದಾಳ ಹಾಕಿದಾಗ ಹೀಗೆ ಬಿತ್ತೆಂದುಕೊಳ್ಳಿ: ಬಲ 8, ಬುದ್ಧಿ 15, ವಿವೇಕ 6, ತಾಳಿಕೆ 11, ಚುರುಕು 13, ಸೆಳೆತ 9. ಹೆಸರು ಮಾರೆನ್ ಎಂದಿರಲಿ, ಹೆಣ್ಣೆಂದು ಇಟ್ಟುಕೊಳ್ಳೋಣ. ಬುದ್ಧಿ ಹೆಚ್ಚಿರುವುದರಿಂದ ಆಕೆ ಮಾಂತ್ರಿಕಳಾಗುವುದು ಸರಿ. ಆದರೆ ವಿವೇಕ 6! ಬುದ್ಧಿಗೂ ವಿವೇಕಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ಈ ಆಟದ ನಿಯಮವೇ ಉತ್ತರ ಕೊಡುತ್ತದೆ. ಓದಿದ್ದನ್ನು ನೆನಪಿಡುವುದು, ತರ್ಕಿಸುವುದು ಬುದ್ಧಿಯ ಕೆಲಸ. ಸುತ್ತಲಿನದನ್ನು ಗಮನಿಸುವುದು, ಎದುರಿಗಿರುವವನು ಸುಳ್ಳು ಹೇಳುತ್ತಿದ್ದಾನೆಂದು ಗುರುತಿಸುವುದು ವಿವೇಕದ ಕೆಲಸ. ಮಾರೆನ್ ಗ್ರಂಥಗಳನ್ನೆಲ್ಲ ಓದಿದ್ದಾಳೆ, ಮನುಷ್ಯರನ್ನು ಓದಲಾರಳು.

ಈ ಅಂಕಿಗಳು ಆಟದಲ್ಲಿ ಹೇಗೆ ಕೆಲಸ ಮಾಡುತ್ತವೆ? ಈಚಿನ ನಿಯಮದಂತೆ ಅಂಕಿಯಿಂದ 10 ಕಳೆದು, ಉಳಿದದ್ದನ್ನು ಅರ್ಧ ಮಾಡಿ, ಭಿನ್ನ ಬಂದರೆ ಕೆಳಗಿನ ಪೂರ್ಣಸಂಖ್ಯೆಗೆ ಇಳಿಸಬೇಕು. 15ಕ್ಕೆ ಸಿಗುವುದು ಎರಡು ಕೂಡಿಸುವ ಹಕ್ಕು. 6ಕ್ಕಾದರೆ ಎರಡು ಕಳೆಯುವ ದಂಡ. ಯಾವುದೇ ಕಷ್ಟದ ಕೆಲಸಕ್ಕೆ ಇಪ್ಪತ್ತು ಮುಖಗಳ ದಾಳ ಹಾಕಿ, ಇದನ್ನು ಕೂಡಿಸಿ ಅಥವಾ ಕಳೆದು, ಬಂದ ಮೊತ್ತ ನಿರ್ವಾಹಕ ಗೊತ್ತುಮಾಡಿದ ಸಂಖ್ಯೆಯನ್ನು ಮುಟ್ಟಿತೇ ಎಂದು ನೋಡುತ್ತಾರೆ. ಆ ಸಂಖ್ಯೆ 15 ಎಂದಿಟ್ಟುಕೊಳ್ಳಿ. ಹಳೆಯ ಲಿಪಿಯೊಂದನ್ನು ಬಿಡಿಸಲು ಮಾರೆನ್‌ಗೆ ದಾಳದಲ್ಲಿ 13 ಅಥವಾ ಹೆಚ್ಚು ಬಂದರೆ ಸಾಕು. ಇಪ್ಪತ್ತರಲ್ಲಿ ಎಂಟು ಅವಕಾಶ. ಸುಳ್ಳುಗಾರನನ್ನು ಗುರುತಿಸಲು 17 ಬೇಕು. ಇಪ್ಪತ್ತರಲ್ಲಿ ನಾಲ್ಕೇ ಅವಕಾಶ. ಸರಿಯಾಗಿ ಅರ್ಧ.

ಇಪ್ಪತ್ತು ಮುಖದ ದಾಳ ಎಲ್ಲಿಂದ ತರುವುದು ಎಂದು ಚಿಂತಿಸಬೇಡಿ. ಒಂದರಿಂದ ಇಪ್ಪತ್ತರವರೆಗೆ ಅಂಕಿ ಬರೆದ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಎತ್ತಿದರೂ ಫಲ ಒಂದೇ. ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಲು ಮರೆಯಬಾರದು, ಅಷ್ಟೆ. 1979ರ ಸುಮಾರಿಗೆ ದಾಳಗಳ ಅಭಾವ ಉಂಟಾದಾಗ, ಈ ಆಟದ ಪೆಟ್ಟಿಗೆಗಳಲ್ಲೇ ಅಂಕಿ ಅಚ್ಚಾದ ಚೂರುಗಳನ್ನಿಟ್ಟು ಮಾರಿದ್ದುಂಟು.

ಅಂಕಿಗಳಾದ ಮೇಲೆ ಬರುವುದು ಕುಲದ ಆಯ್ಕೆ. ಈ ಲೋಕದಲ್ಲಿ ಮನುಷ್ಯರಲ್ಲದೆ ಎಲ್ಫ್‌ಗಳು, ಗಣಿಗಾರಿಕೆಯಲ್ಲಿ ನಿಪುಣರಾದ ಕುಳ್ಳ ಡ್ವಾರ್ಫ್‌ಗಳು, ಅವರಿಗಿಂತ ಕುಳ್ಳರಾದ ಹಾಫ್ಲಿಂಗ್‌ಗಳು ಮುಂತಾದವರಿದ್ದಾರೆ. ಇಲ್ಲಿ ನಿಯಮಗಳು ಬದಲಾದ ಬಗೆ ವಿಚಾರಯೋಗ್ಯವಾಗಿದೆ. 1974ರಲ್ಲಿ ಡ್ವಾರ್ಫ್ ಆಗಿ ಹುಟ್ಟಿದವನು ಯೋಧನಷ್ಟೇ ಆಗಬಹುದಿತ್ತು. ಅದೂ ಆರನೆಯ ಮಟ್ಟದವರೆಗೆ ಮಾತ್ರ. ಮನುಷ್ಯನಿಗೆ ಇಂಥ ಮಿತಿಯಿರಲಿಲ್ಲ. 1978ರ ಪುಸ್ತಕದಲ್ಲಿ ಹೆಣ್ಣು ಪಾತ್ರದ ಬಲಕ್ಕೆ ಗಂಡಿಗಿಂತ ಕಡಿಮೆ ಮಿತಿಯನ್ನು ಹಾಕಲಾಗಿತ್ತು. 1989ರ ಆವೃತ್ತಿ ಅದನ್ನು ಕೈಬಿಟ್ಟಿತು. 2000ದ ಆವೃತ್ತಿಯಲ್ಲಿ ಯಾವ ಕುಲದವರಾದರೂ ಯಾವ ವೃತ್ತಿಯನ್ನಾದರೂ ಹಿಡಿಯಬಹುದು ಎಂದಾಯಿತು. ಆದರೂ ಕುಲಕ್ಕೆ ತಕ್ಕಂತೆ ಬಲ ಬುದ್ಧಿಗಳು ಹೆಚ್ಚಾಗುವ ನಿಯಮ ಉಳಿದೇ ಇತ್ತು. 2024ರ ಪರಿಷ್ಕರಣೆಯಲ್ಲಿ ಆ ಹೆಚ್ಚಳವನ್ನು ಕುಲದಿಂದ ಕಿತ್ತು, ಪಾತ್ರ ಬೆಳೆದ ಹಿನ್ನೆಲೆಗೆ, ಅಂದರೆ ಮೊದಲು ಮಾಡುತ್ತಿದ್ದ ಕೆಲಸಕ್ಕೆ ಜೋಡಿಸಿದರು. ಹುಟ್ಟಿದ್ದು ಎಲ್ಲಿ ಎಂಬುದಕ್ಕಿಂತ ಮಾಡಿದ್ದೇನು ಎಂಬುದರಿಂದ ಯೋಗ್ಯತೆ ಎಂದು ಆಟದ ಪುಸ್ತಕವೊಂದು ಒಪ್ಪಿಕೊಳ್ಳಲು ಐವತ್ತು ವರ್ಷ ಬೇಕಾಯಿತು. ಆಟವೆಂದರೆ ಹುಡುಗಾಟ ಎನ್ನುವವರು ಇದನ್ನು ಗಮನಿಸಬಹುದು.

ಈಗ ಕಥೆಯ ಭಾಗ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕೆಲವರು ಹತ್ತು ಪುಟಗಳ ಪೂರ್ವಕಥೆ ಬರೆದುಕೊಂಡು ಬರುತ್ತಾರೆ. ಅದರಲ್ಲಿ ಪಾತ್ರ ಆಗಲೇ ಯುದ್ಧ ಗೆದ್ದಿರುತ್ತದೆ, ಹಗೆ ತೀರಿಸಿಕೊಂಡಿರುತ್ತದೆ. ಇನ್ನು ಆಡಲು ಏನುಳಿಯಿತು? ಮತ್ತೆ ಕೆಲವರು ಯಾರೊಡನೆಯೂ ಸೇರದ, ಮೂಲೆಯಲ್ಲಿ ಮುಖ ಗಂಟಿಕ್ಕಿ ಕೂರುವ ಒಂಟಿ ವೀರನನ್ನು ಕಟ್ಟುತ್ತಾರೆ. ಕಾದಂಬರಿಯಲ್ಲಿ ಅವನು ಸೊಗಸು. ಮೇಜಿನ ಸುತ್ತ ಅವನು ಉಳಿದ ನಾಲ್ವರ ಸಂಜೆಯನ್ನು ಹಾಳು ಮಾಡುತ್ತಾನೆ. ಗುಂಪಿನ ಹಣ ಕದ್ದು, "ನನ್ನ ಪಾತ್ರದ ಸ್ವಭಾವವೇ ಹಾಗೆ" ಎಂದು ಸಮರ್ಥಿಸಿಕೊಳ್ಳುವವರೂ ಇದ್ದಾರೆ. ಆ ಸ್ವಭಾವವನ್ನು ಬರೆದವರು ಯಾರು ಎಂದು ಅವರನ್ನು ಕೇಳಬೇಕು.

ಹಾಗಾದರೆ ಎಷ್ಟು ಬರೆಯಬೇಕು? 2014ರ ಪುಸ್ತಕ ನಾಲ್ಕು ಸಂಗತಿಗಳನ್ನು ಕೇಳಿತ್ತು: ಒಂದು ಸ್ವಭಾವ, ಒಂದು ಆದರ್ಶ, ಯಾರೊಡನೆಯೋ ಯಾವುದರೊಡನೆಯೋ ಇರುವ ಒಂದು ಬಂಧ, ಒಂದು ದೋಷ. ತಲಾ ಒಂದೆರಡು ವಾಕ್ಯ ಸಾಕು. ಮಾರೆನ್ ದೇಗುಲವೊಂದರ ಗ್ರಂಥಾಲಯದಲ್ಲಿ ಹಸ್ತಪ್ರತಿಗಳ ನಕಲು ಮಾಡುತ್ತಿದ್ದಳು ಎನ್ನೋಣ. ಅಪರಿಚಿತನೊಬ್ಬ ಅಪೂರ್ವ ಗ್ರಂಥವೆಂದು ನಂಬಿಸಿ ಖೋಟಾ ಪ್ರತಿಯನ್ನು ಮಾರಿದ. ದೇಗುಲದ ಹಣ ಹೋಯಿತು, ಆಕೆಯ ಕೆಲಸವೂ ಹೋಯಿತು. ಈಗ ಆ ಮಾರಾಟಗಾರನನ್ನು ಹುಡುಕುತ್ತಿದ್ದಾಳೆ. ಇಡೀ ಕಥೆ ಬಂದದ್ದು ಯಾವುದರಿಂದ, ನೋಡಿ. ಬುದ್ಧಿಯ 15ರಿಂದಲ್ಲ, ವಿವೇಕದ 6ರಿಂದ. ಹೆಚ್ಚಿನ ಅಂಕಿ ಪಾತ್ರ ಏನು ಮಾಡಬಲ್ಲದು ಎಂದು ಹೇಳುತ್ತದೆ. ಕಡಿಮೆ ಅಂಕಿಯಿಂದ ಆಕೆಗೆ ಬೇರೆಯವರು ಏಕೆ ಬೇಕು ಎಂಬುದು ತಿಳಿಯುತ್ತದೆ. ಎದುರಿನವನ ಮುಖ ನೋಡಿ ಮನಸ್ಸು ಹೇಳಬಲ್ಲ ಪುರೋಹಿತನೊಬ್ಬ ಜೊತೆಗಿರದಿದ್ದರೆ ಮಾರೆನ್ ಎರಡನೆಯ ಸಲವೂ ಮೋಸ ಹೋಗುವುದು ಖಂಡಿತ. ಆ ಪುರೋಹಿತನ ಪಾತ್ರ ವಹಿಸುವ ಗೆಳತಿಯನ್ನು ಮೊದಲೇ ಕೇಳಬಹುದು: "ನನ್ನನ್ನು ಹೊರಹಾಕಿದ ದೇಗುಲ ನಿನ್ನದೇ ಆಗಿದ್ದರೆ ಹೇಗೆ?" ಆಕೆ ಒಪ್ಪಿದರೆ ಇಬ್ಬರ ನಡುವೆ ಒಂದು ಹಳೆಯ ಲೆಕ್ಕ ಹುಟ್ಟಿತು. ಮಾರಾಟಗಾರ ನಿಜವಾಗಿ ಯಾರು ಎಂಬುದನ್ನು ಬರೆಯಲು ಹೋಗಬೇಡಿ. ಅದು ನಿರ್ವಾಹಕನ ಪಾಲು.

ಕರಾವಳಿ ಮಲೆನಾಡಿನ ವಿದ್ಯಾರ್ಥಿಗಳಿಗೆ ಇದನ್ನೋದುವಾಗ ತಾಳಮದ್ದಳೆ ನೆನಪಾಗಬಹುದು. ಅಲ್ಲಿಯೂ ವೇಷವಿಲ್ಲ, ಅರ್ಥಧಾರಿಗಳು ಕುಳಿತಲ್ಲೇ ಕರ್ಣನಾಗಿಯೋ ಕೃಷ್ಣನಾಗಿಯೋ ಮಾತನ್ನು ಆ ಕ್ಷಣದಲ್ಲೇ ಹೊಸೆಯುತ್ತಾರೆ. ಆದರೆ ಕರ್ಣನಿಗೆ ಏನಾಗುವುದೆಂದು ಸಭೆಗೆಲ್ಲ ಗೊತ್ತು. ಮಾರೆನ್‌ಗೆ ಏನಾಗುವುದೆಂದು ನಿರ್ವಾಹಕನಿಗೂ ಗೊತ್ತಿಲ್ಲ.

ಆಕೆ ಸಾಯಲೂಬಹುದು. ಪ್ರತಿ ಪಾತ್ರಕ್ಕೂ ಎಷ್ಟು ಪೆಟ್ಟು ತಾಳಬಲ್ಲದು ಎಂಬುದರ ಲೆಕ್ಕವಿದೆ. ಅದನ್ನು ಪ್ರಾಣಾಂಕ ಎನ್ನೋಣ. 1974ರಲ್ಲಿ ಹೊಸ ಮಾಂತ್ರಿಕನ ಪ್ರಾಣಾಂಕ ಒಂದು ದಾಳದಷ್ಟು. ಗರ ಒಂದು ಬಿದ್ದರೆ ಒಂದೇ! ಒಂದು ಪೆಟ್ಟು ಬಿದ್ದರೆ ಮುಗಿಯಿತು. ಇಂದಿನ ನಿಯಮ ಅಷ್ಟು ನಿಷ್ಠುರವಲ್ಲ. ಮಾರೆನ್‌ಗೆ 6 ಪ್ರಾಣಾಂಕ ಸಿಗುತ್ತದೆ. ಅದು ಸೊನ್ನೆಗಿಳಿದರೆ ಆಕೆ ಮೂರ್ಛೆ ಹೋಗುತ್ತಾಳೆ. ಆಮೇಲೆ ಪ್ರತಿ ಸರದಿಯಲ್ಲೂ ಇಪ್ಪತ್ತರ ದಾಳ ಹಾಕಬೇಕು. ಹತ್ತು ಅಥವಾ ಮೇಲೆ ಬಿದ್ದರೆ ಗೆಲುವು, ಕೆಳಗೆ ಬಿದ್ದರೆ ಸೋಲು. ಮೂರು ಗೆಲುವು ಮೊದಲಾದರೆ ಪ್ರಾಣಾಪಾಯವಿಲ್ಲ, ಮೂರು ಸೋಲು ಮೊದಲಾದರೆ ಮರಣ. ತಾವೇ ಕಟ್ಟಿದ ಪಾತ್ರಕ್ಕಾಗಿ ಆ ದಾಳ ಹಾಕುವಾಗ ಕೈ ನಡುಗುವುದನ್ನು ಅನುಭವಿಸಿದವರೇ ಬಲ್ಲರು. ಅಷ್ಟರಲ್ಲಿ ಪುರೋಹಿತ ಓಡಿ ಬಂದು ಗಾಯಕ್ಕೆ ಕಟ್ಟು ಹಾಕಿದರೆ ಆಕೆ ಉಳಿಯುತ್ತಾಳೆ. ಹೊರಹಾಕಿದ ದೇಗುಲದವನೇ ಆತ ಎಂಬುದನ್ನು ಮರೆಯಬೇಡಿ.

ಆಡಿ ನೋಡಬೇಕೆನ್ನುವವರಿಗೆ ಒಂದು ಮಾಹಿತಿ: 2014ರ ಆವೃತ್ತಿಯ ಮೂಲ ನಿಯಮಗಳ ದೊಡ್ಡ ಭಾಗವನ್ನು 2023ರ ಜನವರಿಯಲ್ಲಿ ಯಾರು ಬೇಕಾದರೂ ಬಳಸಲು, ಭಾಷಾಂತರಿಸಲು ಅವಕಾಶವಿರುವ ಮುಕ್ತ ಪರವಾನಗಿಯಲ್ಲಿ ಪ್ರಕಟಿಸಲಾಗಿದೆ. ಹಣ ಕೊಡಬೇಕಾಗಿಲ್ಲ. ಐದು ಜನ, ಎರಡು ಮೂರು ಗಂಟೆ ಬಿಡುವು ಸಿಕ್ಕರೆ ಆರಂಭಿಸಬಹುದು. ಹಾಳೆಯನ್ನು ಮಾತ್ರ ಪೆನ್ಸಿಲಿನಲ್ಲೇ ತುಂಬಿಸಿ. ಪ್ರಾಣಾಂಕವನ್ನು ಒಂದೇ ಸಂಜೆಯಲ್ಲಿ ಹತ್ತು ಸಲ ಅಳಿಸಿ ಬರೆಯಬೇಕಾಗುತ್ತದೆ.